ಕನ್ನಡ ವೆಬ್ ಪುಟದ ಶೀರ್ಷಿಕೆ: ಗೂಗಲ್ ಹುಡುಕಾಟದಲ್ಲಿ ಸಿಗುವಂತೆ ಬರೆಯುವ ಕ್ರಮ

ಮೊದಲು ಈ ಎರಡು ಶೀರ್ಷಿಕೆಗಳನ್ನು ಓದಿ.

«ಮಳೆಗಾಲದಲ್ಲಿ ಅಡಿಕೆ ತೋಟಗಳನ್ನು ಬಾಧಿಸುವ ಕೊಳೆರೋಗದ ನಿಯಂತ್ರಣಕ್ಕೆ ಬೋರ್ಡೋ ದ್ರಾವಣ ತಯಾರಿಸಿಕೊಳ್ಳುವ ಸರಳ ವಿಧಾನ»

«ಅಡಿಕೆ ಕೊಳೆರೋಗ: 1% ಬೋರ್ಡೋ ದ್ರಾವಣ ತಯಾರಿ, ಸಿಂಪಡಣೆ ಸಮಯ»

ಎರಡರಲ್ಲಿ ಯಾವ ಶೀರ್ಷಿಕೆ ಕೊಟ್ಟರೂ ಪುಟದ ಒಳಗಿರುವುದು ಒಂದೇ ಮಾಹಿತಿ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, ಮಳೆ ಹಿಡಿಯುವ ಮುನ್ನ ಒಂದು ಸಿಂಪಡಣೆ, 40–45 ದಿನದ ನಂತರ ಇನ್ನೊಂದು. ಮೊದಲನೆಯ ಶೀರ್ಷಿಕೆ ವ್ಯಾಕರಣದ ಪ್ರಕಾರ ಅಚ್ಚುಕಟ್ಟಾಗಿದೆ, ಪತ್ರಿಕೆಯ ಲೇಖನಕ್ಕೆ ಒಪ್ಪುತ್ತದೆ. ಆದರೆ ಫೋನಿನ ಪರದೆಯ ಮೇಲೆ ಹತ್ತು ಫಲಿತಾಂಶಗಳ ನಡುವೆ ಅದು ಸೋಲುತ್ತದೆ. ಬೆಳೆಗಾರರು ಹುಡುಕಿದ «ಕೊಳೆರೋಗ» ಐದನೇ ಪದವಾಗಿ ಬರುತ್ತದೆ, ಅದೂ ವಿಭಕ್ತಿ ಪ್ರತ್ಯಯ ಅಂಟಿಸಿಕೊಂಡು. ಪರಿಹಾರದ ಹೆಸರು ಏಳನೆಯದು. ಅಷ್ಟರೊಳಗೆ ಸಾಲು ಮುಗಿದು ಮೂರು ಚುಕ್ಕಿ ಬಿದ್ದಿರಬಹುದು.

ಇಂಗ್ಲಿಷ್ ಪುಟಗಳಿಗೆಂದು ಬರೆದ ಸಲಹೆಗಳನ್ನು ಹಾಗೇ ಕನ್ನಡಕ್ಕೆ ಹಚ್ಚಿದರೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ. ನಮ್ಮ ಭಾಷೆಯ ವಾಕ್ಯರಚನೆ ಬೇರೆ, ಅಕ್ಷರದ ಲೆಕ್ಕ ಬೇರೆ, ಕಂಪ್ಯೂಟರಿನಲ್ಲಿ ಕನ್ನಡ ನಡೆದುಬಂದ ದಾರಿಯೂ ಬೇರೆ. ಹಾಗಾಗಿ ಶೀರ್ಷಿಕೆಯ ಕೆಲಸವನ್ನು ಕನ್ನಡದಿಂದಲೇ ಶುರುಮಾಡಬೇಕು. ಕೊನೆಯವರೆಗೂ ಈ ಅಡಿಕೆ ಪುಟವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಯಾವ ಶೀರ್ಷಿಕೆಯ ಮಾತು?

ಒಂದು ಪುಟಕ್ಕೆ ಸಾಮಾನ್ಯವಾಗಿ ಮೂರು ಶೀರ್ಷಿಕೆಗಳಿರುತ್ತವೆ. ವೆಬ್ ಪುಟ ಕಟ್ಟುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿರುವ ಟೈಟಲ್ ಟ್ಯಾಗ್ ಪುಟದ ಮೇಲೆ ಕಾಣುವುದಿಲ್ಲ, ಬ್ರೌಸರಿನ ಟ್ಯಾಬಿನಲ್ಲಿ ಕಾಣುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ನೀಲಿ ಸಾಲಾಗಿ ಬರುವುದು ಹೆಚ್ಚಾಗಿ ಇದೇ. ಎರಡನೆಯದು ಎಚ್1, ಅಂದರೆ ಪುಟ ತೆರೆದಾಗ ದೊಡ್ಡಕ್ಷರದಲ್ಲಿ ಕಾಣುವ ತಲೆಬರಹ. ಮೂರನೆಯದು ಓಪನ್ ಗ್ರಾಫ್ ಶೀರ್ಷಿಕೆ. ವಾಟ್ಸ್ಆ್ಯಪ್, ಫೇಸ್‌ಬುಕ್‌ಗಳಲ್ಲಿ ಕೊಂಡಿ ಹಂಚಿದಾಗ ಚಿತ್ರದ ಜೊತೆ ಬರುವುದು ಅದು.

ಮೂರೂ ಅಕ್ಷರಶಃ ಒಂದೇ ಆಗಿರಬೇಕಿಲ್ಲ, ಆದರೆ ಒಂದೇ ಮಾತು ಹೇಳಬೇಕು. ಟೈಟಲ್ ಟ್ಯಾಗಿನಲ್ಲಿ ಬೋರ್ಡೋ ದ್ರಾವಣ ಎಂದು ಬರೆದು, ಎಚ್1ರಲ್ಲಿ «ಮಲೆನಾಡ ರೈತನ ಮಳೆಗಾಲದ ಅಳಲು» ಎಂದು ಬರೆದರೆ ಓದುಗರಿಗೆ ತಪ್ಪು ಪುಟಕ್ಕೆ ಬಂದೆವೇ ಎಂಬ ಅನುಮಾನ ಬರುತ್ತದೆ. ಗೂಗಲ್‌ಗೂ ಅದೇ ಅನುಮಾನ.

ಹೆಜ್ಜೆ 1: ಜನ ಆಡುವ ಪದ ಹುಡುಕಿ

ಬರೆಯುವವರ ಪದ ಮತ್ತು ಹುಡುಕುವವರ ಪದ ಬಹಳ ಸಲ ಬೇರೆಬೇರೆ. «ತಾಮ್ರದ ಸಲ್ಫೇಟ್» ಪಠ್ಯಪುಸ್ತಕದ ಮಾತು, ಅಂಗಡಿಯಲ್ಲಿ ಕೇಳುವುದು ಮೈಲುತುತ್ತು. «ಹಕ್ಕು ದಾಖಲೆ» ಎಂದು ಯಾರೂ ಹುಡುಕುವುದಿಲ್ಲ. ಹಳೆ ಮೈಸೂರು ಕಡೆ ಪಹಣಿ, ಉತ್ತರ ಕರ್ನಾಟಕದಲ್ಲಿ ಉತಾರ, ಕಚೇರಿಯಲ್ಲಿ ಆರ್‌ಟಿಸಿ. ಮೂರೂ ಒಂದೇ ಕಾಗದ.

ಪದ ಪತ್ತೆಮಾಡಲು ದುಡ್ಡು ಕೊಟ್ಟು ಕೊಳ್ಳುವ ಸಾಧನ ಬೇಕಿಲ್ಲ. ಬ್ರೌಸರಿನಲ್ಲಿ ಖಾಸಗಿ ಕಿಟಕಿ (ಇನ್‌ಕಾಗ್ನಿಟೊ) ತೆರೆದು ಗೂಗಲ್‌ನಲ್ಲಿ «ಅಡಿಕೆ ಕೊಳೆ» ಎಂದು ಟೈಪಿಸಿ ಎಂಟರ್ ಒತ್ತದೆ ನಿಲ್ಲಿ. ಕೆಳಗೆ ಇಳಿಯುವ ಸಲಹೆಗಳನ್ನು ಬರೆದುಕೊಳ್ಳಿ. ಆಮೇಲೆ ಇದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಏಕೆಂದರೆ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರು ತುಂಬಾ ಜನ ಇದ್ದಾರೆ. ನಿಮ್ಮ ತಾಣ ಈಗಾಗಲೇ ನಡೆಯುತ್ತಿದ್ದರೆ ಇದಕ್ಕಿಂತ ಒಳ್ಳೆಯ ಮೂಲ ತಾಣದ ಒಡೆಯರಿಗೆಂದು ಗೂಗಲ್ ಕೊಡುವ ಸಾಧನ, ಗೂಗಲ್ ಸರ್ಚ್ ಕನ್ಸೋಲ್. ಪರ್ಫಾರ್ಮೆನ್ಸ್ ವರದಿಗೆ ಹೋಗಿ, ಪೇಜಸ್ ಪಟ್ಟಿಯಲ್ಲಿ ಆ ಪುಟವನ್ನು ಒತ್ತಿ, ಕ್ವೆರೀಸ್‌ಗೆ ಬನ್ನಿ. ಜನ ನಿಜವಾಗಿ ಟೈಪಿಸಿದ ಪದಗಳು ಅಲ್ಲೇ ಸಾಲಾಗಿ ಸಿಗುತ್ತವೆ.

ಈಗ ಕಾಗುಣಿತದ ಪ್ರಶ್ನೆ. ಅಡಿಕೆ, ಅಡಕೆ ಎರಡೂ ಬಳಕೆಯಲ್ಲಿವೆ. ಕೊಳೆರೋಗ ಎಂದು ಸೇರಿಸಿಯೂ, ಕೊಳೆ ರೋಗ ಎಂದು ಬಿಡಿಸಿಯೂ ಬರೆಯುತ್ತಾರೆ. ಕರಾವಳಿ, ಕಾಸರಗೋಡು ಕಡೆ ಮಹಾಳಿ ಎನ್ನುವುದೂ ಉಂಟು. (ಕೊಳೆರೋಗ ಎಂಬ ಕನ್ನಡ ಪದವೇ ಸಸ್ಯರೋಗ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಿಗೂ ಹೋಗಿ ಕೂತಿದೆ. ನಮ್ಮ ಬೆಳೆಗಾರರ ಮಾತಿಗೆ ಸಂದ ಮರ್ಯಾದೆ ಅದು.) ಎಲ್ಲ ರೂಪಗಳನ್ನೂ ಶೀರ್ಷಿಕೆಗೆ ತುರುಕಬೇಡಿ. «ಅಡಿಕೆ ಕೊಳೆರೋಗ, ಕೊಳೆ ರೋಗ, ಮಹಾಳಿ ರೋಗ, ಅಡಕೆ ರೋಗ ಔಷಧಿ» ಎಂಬ ಪಟ್ಟಿಯನ್ನು ಗೂಗಲ್ ಪದ ತುರುಕುವಿಕೆ ಎಂದೇ ಎಣಿಸುತ್ತದೆ, ಓದುಗರಿಗೂ ಅದು ಜಾಹೀರಾತಿನಂತೆ ಕಾಣುತ್ತದೆ. ಹೆಚ್ಚು ಜನ ಬಳಸುವ ಒಂದು ರೂಪ ಶೀರ್ಷಿಕೆಗೆ ಇರಲಿ. ಉಳಿದವು ಮೊದಲ ಪ್ಯಾರಾದಲ್ಲಿ ಸಹಜವಾಗಿ ಬರಲಿ: «ಅಡಕೆಗೆ ತಗಲುವ ಕೊಳೆ ರೋಗವನ್ನು ಮಹಾಳಿ ಎಂದೂ ಕರೆಯುತ್ತಾರೆ».

ಹೆಜ್ಜೆ 2: ವಾಕ್ಯವನ್ನು ಮುರಿದು ಕಟ್ಟಿ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂದೆ, ಮುಖ್ಯ ಪದ ಹಿಂದೆ. «ಬಾಧಿಸುವ», «ತಯಾರಿಸಿಕೊಳ್ಳುವ», «ಅನುಸರಿಸಬೇಕಾದ» ಇಂಥ ಪದಗಳು ಸಾಲಾಗಿ ನಿಂತು ಕೊನೆಯಲ್ಲಿ «ಕ್ರಮಗಳು» ಎಂದು ಮುಗಿಯುತ್ತದೆ. ಓದುವಾಗ ಸರಾಗ, ಆದರೆ ಸಾಲು ಕತ್ತರಿಸಿಹೋದಾಗ ಹೋಗುವುದು ಆ ಮುಖ್ಯ ಪದವೇ.

ಕನ್ನಡದ ಪದಗಳಿಗೆ ಪ್ರತ್ಯಯ ಅಂಟುವುದು ಎರಡನೆಯ ತೊಡಕು. ಅಡಿಕೆ, ಅಡಿಕೆಗೆ, ಅಡಿಕೆಯಲ್ಲಿ, ಅಡಿಕೆಯಿಂದ ಎಲ್ಲ ಒಂದೇ ಪದದ ರೂಪಗಳು ಎಂದು ನಮಗೆ ಗೊತ್ತು. ಯಂತ್ರ ಪ್ರತಿ ಸಲವೂ ಗುರುತಿಸೀತೆಂದು ನೆಚ್ಚಿ ಕೂರುವುದು ಬೇಡ. ಹುಡುಕುವವರು ಟೈಪಿಸುವುದೂ ಹೆಚ್ಚಾಗಿ ಮೂಲರೂಪವನ್ನೇ.

ಕ್ರಮ ಹೀಗಿರಲಿ. ಪುಟ ಯಾವುದರ ಬಗ್ಗೆ ಎಂಬುದನ್ನು ಪ್ರತ್ಯಯವಿಲ್ಲದೆ ಎರಡು ಪದದಲ್ಲಿ ಬರೆಯಿರಿ: ಅಡಿಕೆ ಕೊಳೆರೋಗ. ಅದಾದ ಮೇಲೆ ಕೋಲನ್ ಹಾಕಿ. ಪುಟ ಓದಿದವರ ಕೈಗೆ ಏನು ಸಿಗುತ್ತದೆ ಎಂಬುದನ್ನು ಕೋಲನ್ ನಂತರ ಹೇಳಿ: 1% ಬೋರ್ಡೋ ದ್ರಾವಣ ತಯಾರಿ. ಇದೇ ವಿಷಯದ ಬೇರೆ ಪುಟಗಳಲ್ಲಿ ಇಲ್ಲದ್ದು ನಿಮ್ಮಲ್ಲಿದ್ದರೆ ಕೊನೆಗೆ ಅದನ್ನು ಸೇರಿಸಿ: ಸಿಂಪಡಣೆ ಸಮಯ. ಅಂಕಿ ಇದ್ದರೆ ಅಂಕಿಯಲ್ಲೇ ಬರೆಯಿರಿ. «ಶೇಕಡಾ ಒಂದರ» ಎನ್ನುವುದಕ್ಕಿಂತ «1%» ಚಿಕ್ಕದು, ಕಣ್ಣಿಗೂ ಬೇಗ ಬೀಳುತ್ತದೆ.

ಹಾಗೆಯೇ ತೆಗೆದುಹಾಕಬೇಕಾದವು: «ಸರಳ», «ಸಂಪೂರ್ಣ ಮಾಹಿತಿ ಇಲ್ಲಿದೆ», «ನಿಮಗೆ ಗೊತ್ತೇ?», «ಬಗ್ಗೆ ಒಂದಿಷ್ಟು». ಇವು ಜಾಗ ತಿನ್ನುತ್ತವೆ, ಏನನ್ನೂ ಹೇಳುವುದಿಲ್ಲ. «ಇದೊಂದು ಹಾಕಿದರೆ ಸಾಕು, ಕೊಳೆರೋಗ ಮಾಯ!» ಎಂಬ ಬಗೆಯನ್ನಂತೂ ಮುಟ್ಟಲೇಬೇಡಿ. ತೋಟದಲ್ಲಿ ಕಾಯಿ ಉದುರುತ್ತಿರುವಾಗ ಒಬ್ಬರು ನಿಮ್ಮ ಪುಟ ತೆರೆದಿದ್ದಾರೆ. ಒಳಗೆ ಅಳತೆ ಸಿಗದೆ ಅವರು ಹಿಂದಿರುಗಿದರೆ ನಷ್ಟ ಅವರ ಬೆಳೆಗೆ, ನಂಬಿಕೆ ಕಳೆದುಕೊಳ್ಳುವುದು ನೀವು.

ಹೆಜ್ಜೆ 3: ಅಗಲ ಅಳೆಯಿರಿ, ಅಕ್ಷರ ಎಣಿಸಬೇಡಿ

«50ರಿಂದ 60 ಅಕ್ಷರ» ಎಂಬ ಸೂತ್ರ ಇಂಗ್ಲಿಷಿನದು. ಶೀರ್ಷಿಕೆ ಇಷ್ಟೇ ಉದ್ದ ಇರಬೇಕೆಂದು ಗೂಗಲ್ ಎಲ್ಲೂ ಕಟ್ಟುಪಾಡು ಹಾಕಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ ಅಷ್ಟೆ. ಕಂಪ್ಯೂಟರಿನಲ್ಲಿ ಸುಮಾರು 600 ಪಿಕ್ಸೆಲ್ ಅಗಲ ಎಂಬುದು ಈ ಕೆಲಸದಲ್ಲಿರುವವರು ಇಟ್ಟುಕೊಂಡಿರುವ ಲೆಕ್ಕ. ಫೋನಿನಲ್ಲಿ ಸಾಮಾನ್ಯವಾಗಿ ಎರಡು ಸಾಲಿಗೆ ಹರಿಯುತ್ತದೆ.

ಕನ್ನಡದಲ್ಲಿ ಎಣಿಕೆಯ ಸಾಧನಗಳು ಯಾಕೆ ದಾರಿ ತಪ್ಪಿಸುತ್ತವೆ ನೋಡಿ. «ಸ್ತ್ರೀ» ನಮಗೆ ಒಂದು ಅಕ್ಷರ. ಕಂಪ್ಯೂಟರುಗಳು ಅಕ್ಷರ ಉಳಿಸಿಡಲು ಬಳಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರದ ಚಿಹ್ನೆ. «ಅಡಿಕೆ ಕೊಳೆರೋಗ» ಏಳು ಅಕ್ಷರ, ಆದರೆ ಎಣಿಕೆಯ ಸಾಧನ ಖಾಲಿ ಜಾಗವೂ ಸೇರಿ 13 ಎಂದು ತೋರಿಸುತ್ತದೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಎಣಿಕೆ ಹೆಚ್ಚಿದಷ್ಟು ಅಗಲ ಹೆಚ್ಚುವುದಿಲ್ಲ, ಅತ್ತ ನಮ್ಮ ಒಂದೊಂದು ಅಕ್ಷರವೂ ಇಂಗ್ಲಿಷ್ ಅಕ್ಷರಕ್ಕಿಂತ ಅಗಲ. ಹಾಗಾಗಿ ಶೀರ್ಷಿಕೆಯ ಉದ್ದ ಎಣಿಸುವ ಪ್ಲಗಿನ್ (ತಾಣಕ್ಕೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ತೋರಿಸುವ ಕೆಂಪು, ಹಸಿರು ದೀಪ ನೋಡಿ ಗಾಬರಿಯಾಗುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ.

ಅಳೆಯುವ ಸುಲಭ ದಾರಿ: 600 ಪಿಕ್ಸೆಲ್ ಅಗಲದ ಚೌಕಟ್ಟಿರುವ ಖಾಲಿ ಎಚ್‌ಟಿಎಂಎಲ್ ಪುಟ ಮಾಡಿಕೊಂಡು, 20 ಪಿಕ್ಸೆಲ್ ಗಾತ್ರದ ಅಕ್ಷರದಲ್ಲಿ ಶೀರ್ಷಿಕೆ ಅಂಟಿಸಿ ನೋಡಿ. ವಿಂಡೋಸ್‌ನಲ್ಲಿ ಕನ್ನಡ ನಿರ್ಮಲಾ ಯುಐ ಫಾಂಟಿನಲ್ಲಿ ಕಾಣುತ್ತದೆ, ಆಂಡ್ರಾಯ್ಡ್‌ನಲ್ಲಿ ಹೆಚ್ಚಾಗಿ ನೋಟೊ ಸಾನ್ಸ್ ಕನ್ನಡ. ಎರಡರ ಅಗಲ ಒಂದೇ ಅಲ್ಲ, ಆದ್ದರಿಂದ ಸ್ವಲ್ಪ ಸಡಿಲು ಬಿಡಿ. ಅಳೆಯುವಷ್ಟು ಬಿಡುವಿಲ್ಲದಿದ್ದರೆ ಒಂದೇ ನಿಯಮ ಪಾಲಿಸಿ: ಮೊದಲ ನಾಲ್ಕು ಪದ ಓದಿದರೆ ಪುಟ ಯಾವುದೆಂದು ತಿಳಿಯಬೇಕು.

ಹೆಜ್ಜೆ 4: ಅಕ್ಷರದ ಒಳಗೆ ಅಡಗಿರುವ ದೋಷ ತೆಗೆಯಿರಿ

ಕಣ್ಣಿಗೆ ಸರಿಯಾಗಿ ಕಂಡರೂ ಯಂತ್ರಕ್ಕೆ ತಪ್ಪಾಗಿರುವ ಶೀರ್ಷಿಕೆಗಳು ಕನ್ನಡದಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಅತಿ ಸಾಮಾನ್ಯವಾದದ್ದು ಸೊನ್ನೆಯ ತಪ್ಪು. «ಬೆಂಗಳೂರು» ಮತ್ತು «ಬೆ೦ಗಳೂರು», ಎರಡನ್ನೂ ಹತ್ತಿರದಿಂದ ನೋಡಿ. ಮೊದಲನೆಯದರಲ್ಲಿರುವುದು ಅನುಸ್ವಾರ, ಎರಡನೆಯದರಲ್ಲಿರುವುದು ಕನ್ನಡ ಅಂಕಿಯ ಸೊನ್ನೆ. ಹಳೆಯ ಟೈಪಿಂಗ್ ಅಭ್ಯಾಸದಿಂದ, ಕೆಲವು ಫಾಂಟ್ ಪರಿವರ್ತಕಗಳಿಂದ ಇದು ನುಸುಳುತ್ತದೆ. ಅಂಕಿ ನಡುವೆ ಕೂತ ಪದ ಯಂತ್ರದ ಮಟ್ಟಿಗೆ ಬೆಂಗಳೂರೇ ಅಲ್ಲ. ನಮ್ಮ ಶೀರ್ಷಿಕೆಯಲ್ಲಿ «ಸಿಂಪಡಣೆ»ಗೂ ಹೀಗಾಗಬಹುದು. ಪರೀಕ್ಷೆ ಸುಲಭ: ಪಠ್ಯವನ್ನು ಎಡಿಟರಿಗೆ ಅಂಟಿಸಿ, ಫೈಂಡ್ ಪೆಟ್ಟಿಗೆಯಲ್ಲಿ ಕನ್ನಡದ ಸೊನ್ನೆ ಹಾಕಿ ಹುಡುಕಿ. ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಬದಲಿಸಬೇಡಿ. ನಿಮ್ಮ ತಾಣದಲ್ಲಿ ಕನ್ನಡ ಅಂಕಿಗಳಿದ್ದರೆ ಇಸವಿಗಳೆಲ್ಲ ಕೆಟ್ಟುಹೋಗುತ್ತವೆ, ಒಂದೊಂದಾಗಿ ನೋಡಿ ತಿದ್ದಿ.

ಎರಡನೆಯದು ಒ, ಓ ಸ್ವರಚಿಹ್ನೆ. «ಕೊ» ಬರೆಯಲು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯೂ ಇದೆ, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಅದೇ ರೂಪ ಬರುತ್ತದೆ. ನೋಟ ಒಂದೇ, ಸಂಕೇತ ಬೇರೆ. ದೊಡ್ಡ ಸರ್ಚ್ ಇಂಜಿನ್‌ಗಳು ಇದನ್ನು ಸರಿಪಡಿಸಿಕೊಂಡಾವು, ನಿಮ್ಮ ತಾಣದ ಒಳಗಿನ ಹುಡುಕು ಪೆಟ್ಟಿಗೆ ಮಾತ್ರ ಬಹಳ ಸಲ ಸೋಲುತ್ತದೆ. ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ಪಠ್ಯವನ್ನು ಬದಲಿಸಿಕೊಂಡರೆ ಈ ಜೋಡಿ ಚಿಹ್ನೆಗಳು ಒಂದಾಗುತ್ತವೆ.

ಮೂರನೆಯದು ಯೂನಿಕೋಡ್ ಅಲ್ಲದ ಹಳೆಯ ಪಠ್ಯ. «ನುಡಿ», «ಬರಹ» ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಮತ್ತಿತರ ಚಿಹ್ನೆಗಳಾಗಿಯೇ ಉಳಿದಿರುತ್ತದೆ, ಫಾಂಟು ಮಾತ್ರ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಪುಟದ ಒಳಗೆ ಆ ಫಾಂಟು ಕೂರಿಸಿ ಹೇಗೋ ತೋರಿಸಬಹುದು. ಹುಡುಕಾಟದ ಫಲಿತಾಂಶದಲ್ಲಿ, ಬ್ರೌಸರಿನ ಟ್ಯಾಬಿನಲ್ಲಿ ನಿಮ್ಮ ಫಾಂಟು ನಡೆಯುವುದಿಲ್ಲ, ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಪರಿವರ್ತಕ ಬಳಸಿ ಯೂನಿಕೋಡಿಗೆ ತನ್ನಿ. ಆಮೇಲೆ ಅರ್ಕಾವೊತ್ತು, ಎರಡೆರಡು ಒತ್ತು ಇರುವ ಅಕ್ಷರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಓದಿ. ಪರಿವರ್ತಕ ಎಡವುವುದು ಅಲ್ಲೇ.

ಪುಟದ ಅಕ್ಷರ ಸಂಕೇತ ಯುಟಿಎಫ್-8 ಎಂಬ ಘೋಷಣೆ ಟೈಟಲ್ ಟ್ಯಾಗಿಗಿಂತ ಮೊದಲೇ ಬರಲಿ. ಆ ಘೋಷಣೆ ಪುಟದ ಮೊದಲ 1024 ಬೈಟುಗಳ ಒಳಗಿರಬೇಕೆಂಬುದು ಎಚ್‌ಟಿಎಂಎಲ್ ನಿಯಮ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಹಿಡಿಯುವುದರಿಂದ ಉದ್ದನೆಯ ಕನ್ನಡ ವಿವರಣೆಗಳನ್ನು ಅದಕ್ಕೂ ಮೊದಲು ಇಟ್ಟರೆ ಮಿತಿ ಬೇಗ ದಾಟುತ್ತದೆ.

ಹೆಜ್ಜೆ 5: ಯಾವ ಲಿಪಿ?

ಜನ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುತ್ತಾರೆ ಎಂದು ಕನ್ನಡ ಪುಟಕ್ಕೆ ಇಂಗ್ಲಿಷ್ ಶೀರ್ಷಿಕೆ ಕೊಡುವ ರೂಢಿ ಹಬ್ಬಿದೆ. ಇದು ತಿರುಗಿ ಹೊಡೆಯುತ್ತದೆ. ಪುಟದ ಮುಖ್ಯ ಪಠ್ಯದ ಭಾಷೆ ಅಥವಾ ಲಿಪಿ ಒಂದಿದ್ದು ಟೈಟಲ್ ಟ್ಯಾಗಿನದು ಇನ್ನೊಂದಾಗಿದ್ದರೆ, ಪಠ್ಯಕ್ಕೆ ಹೊಂದುವ ಶೀರ್ಷಿಕೆಯನ್ನು ತಾನೇ ಆರಿಸುವುದಾಗಿ ಗೂಗಲ್ 2022ರ ಜೂನ್‌ನಲ್ಲಿ ತಿಳಿಸಿತು. ಪುಟ ಕನ್ನಡದ್ದಾದರೆ ಶೀರ್ಷಿಕೆಯೂ ಕನ್ನಡ ಲಿಪಿಯಲ್ಲೇ ಇರಲಿ. ಇಂಗ್ಲಿಷ್ ಅಕ್ಷರದ ರೂಪಕ್ಕೆ ತಕ್ಕ ಜಾಗ ಪುಟದ ವಿಳಾಸ (ಯುಆರ್‌ಎಲ್).

ಆ ವಿಳಾಸವನ್ನು ಪುಟ ಪ್ರಕಟಿಸುವ ಮುನ್ನವೇ ಕೈಯಾರೆ ಬರೆಯಿರಿ. ಕನ್ನಡ ಶೀರ್ಷಿಕೆ ಕೊಟ್ಟರೆ, ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಅದನ್ನೇ ವಿಳಾಸವಾಗಿಸುತ್ತದೆ. ಒಂದೊಂದು ಕನ್ನಡ ಸಂಕೇತವೂ ಅಲ್ಲಿ ಒಂಬತ್ತು ಚಿಹ್ನೆಯಾಗಿ ಹಿಗ್ಗುತ್ತದೆ, 200 ಚಿಹ್ನೆಗೆ ವರ್ಡ್‌ಪ್ರೆಸ್ ಕತ್ತರಿ ಹಾಕುತ್ತದೆ. ಹೀಗೆ ಇಪ್ಪತ್ತೆರಡು ಸಂಕೇತಕ್ಕೇ ವಿಳಾಸ ಮುಗಿದು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ರಾಶಿಯಾಗಿ ಕಾಣಬಹುದು. ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್ ಇನ್ನೊಂದು ಬಗೆ: ಕನ್ನಡ ಶೀರ್ಷಿಕೆ ಅದಕ್ಕೆ ಒಗ್ಗದೆ ಎಲ್ಲಕ್ಕೂ «ಬ್ಲಾಗ್ ಪೋಸ್ಟ್» ಎಂಬ ಒಂದೇ ಬಗೆಯ ವಿಳಾಸ ಕೊಡುತ್ತಾ ಹೋಗುತ್ತದೆ. ಪರ್ಮಾಲಿಂಕ್‌ನಲ್ಲಿ ಕಸ್ಟಮ್ ಆರಿಸಿ ನೀವೇ ಬರೆಯಿರಿ.

ಹೆಜ್ಜೆ 6: ಎಲ್ಲಿ ಹಾಕುವುದು

ವರ್ಡ್‌ಪ್ರೆಸ್‌ನಲ್ಲಿ ಯೋಸ್ಟ್ ಅಥವಾ ರ‍್ಯಾಂಕ್ ಮ್ಯಾಥ್ ಪ್ಲಗಿನ್ ಇದ್ದರೆ ಬರಹದ ಸಂಪಾದನೆಯ ಪುಟದಲ್ಲೇ ಎಸ್‌ಇಒ ಟೈಟಲ್ (ಹುಡುಕಾಟಕ್ಕೆಂದು ಕೊಡುವ ಶೀರ್ಷಿಕೆ) ಎಂಬ ಪೆಟ್ಟಿಗೆ ಸಿಗುತ್ತದೆ. ಟೈಟಲ್ ಟ್ಯಾಗ್ ಬೇರೆ, ಎಚ್1 ಬೇರೆ ಇಡಲು ಅದೇ ಜಾಗ. ಪ್ಲಗಿನ್ ಇಲ್ಲದಿದ್ದರೆ ಬರಹದ ತಲೆಬರಹವೇ ಟೈಟಲ್ ಆಗುತ್ತದೆ. ಬ್ಲಾಗರ್‌ನಲ್ಲೂ ಹಾಗೆಯೇ. ಬ್ಲಾಗರ್‌ನ ಹಳೆಯ ಥೀಮುಗಳು ಬ್ಲಾಗಿನ ಹೆಸರನ್ನು ಮುಂದೆ, ಬರಹದ ಹೆಸರನ್ನು ಹಿಂದೆ ಇಡುತ್ತವೆ. ನಿಮ್ಮ ಪುಟ ತೆರೆದು ಟ್ಯಾಬಿನ ಮೇಲೆ ಮೌಸ್ ಇಟ್ಟು ನೋಡಿ. ಬ್ಲಾಗಿನ ಹೆಸರೇ ಮೊದಲು ಕಂಡರೆ ಥೀಮ್ ಬದಲಿಸುವುದು ಮೇಲು.

ತಾಣದ ಹೆಸರು ಬೇಕೇ? ಬೇಕಿದ್ದರೆ ಕೊನೆಯಲ್ಲಿ, ಚಿಕ್ಕದಾಗಿ. 2022ರ ಅಕ್ಟೋಬರ್‌ನಿಂದ ಗೂಗಲ್ ಫೋನಿನ ಫಲಿತಾಂಶಗಳಲ್ಲಿ ತಾಣದ ಹೆಸರನ್ನು ಶೀರ್ಷಿಕೆಯ ಮೇಲೆ ಪ್ರತ್ಯೇಕವಾಗಿ ತೋರಿಸತೊಡಗಿತು. ಹಾಗಾಗಿ «ಸಮಗ್ರ ಕೃಷಿ ಮಾಹಿತಿಯ ನಿಮ್ಮ ನೆಚ್ಚಿನ ತಾಣ» ಎಂಬ ಬಾಲ ಪ್ರತಿ ಪುಟಕ್ಕೂ ಬೇಕಿಲ್ಲ.

ಧಾರಣೆ ಪುಟಗಳ ತೊಂದರೆ

ದಿನವೂ ಹೊಸ ಪುಟ ಹಾಕುವ ತಾಣಗಳಲ್ಲಿ ಈ ದೋಷ ತಪ್ಪದೆ ಸಿಗುತ್ತದೆ: ವರ್ಷಕ್ಕೆ ಮುನ್ನೂರು ಪುಟ, ಎಲ್ಲದಕ್ಕೂ «ಇಂದಿನ ಅಡಿಕೆ ಧಾರಣೆ». ಯಾವ «ಇಂದು» ಎಂದು ಯಂತ್ರಕ್ಕೂ ತಿಳಿಯದು, ಓದುಗರಿಗೂ ತಿಳಿಯದು, ಹಳೆಯ ದರದ ಪುಟ ಮೇಲೆ ಬಂದು ಬೆಳೆಗಾರರನ್ನು ದಾರಿ ತಪ್ಪಿಸುತ್ತದೆ. ಒಂದು ಶಾಶ್ವತ ಪುಟ ಮಾಡಿ ಅದರಲ್ಲೇ ದಿನವೂ ದರ ಬದಲಿಸುವುದು ಎಲ್ಲಕ್ಕಿಂತ ಒಳ್ಳೆಯದು. ಬೇರೆಬೇರೆ ಪುಟ ಬೇಕೇಬೇಕೆಂದರೆ ಮಾರುಕಟ್ಟೆ, ಬಗೆ, ದಿನಾಂಕ ಮೂರೂ ಶೀರ್ಷಿಕೆಯಲ್ಲಿರಲಿ: «ಶಿವಮೊಗ್ಗ ಅಡಿಕೆ ಧಾರಣೆ 12 ಜೂನ್ 2025: ರಾಶಿ, ಬೆಟ್ಟೆ, ಸರಕು, ಗೊರಬಲು». ಇಸವಿ ಹಾಕುವುದಾದರೆ ಒಳಗಿನ ಮಾಹಿತಿಯೂ ಆ ಇಸವಿಯದ್ದೇ ಇರಬೇಕು. ಶೀರ್ಷಿಕೆಯ ಇಸವಿ ಮಾತ್ರ ಬದಲಿಸುವುದು ಓದುಗರಿಗೆ ಮಾಡುವ ಮೋಸ.

ಗೂಗಲ್ ಬೇರೆಯದನ್ನೇ ತೋರಿಸಿದರೆ

2021ರ ಆಗಸ್ಟ್‌ನಲ್ಲಿ ಗೂಗಲ್ ಶೀರ್ಷಿಕೆ ಆರಿಸುವ ಪದ್ಧತಿ ಬದಲಿಸಿತು. ಸುಮಾರು 87% ಸಲ ಟೈಟಲ್ ಟ್ಯಾಗನ್ನೇ ಬಳಸುವುದಾಗಿ ಮರುತಿಂಗಳು ಹೇಳಿತು. ಉಳಿದ ಸಲ ಎಚ್1, ಇತರ ತಲೆಬರಹಗಳು, ಓಪನ್ ಗ್ರಾಫ್ ಶೀರ್ಷಿಕೆ ಅಥವಾ ಬೇರೆಯವರು ಆ ಪುಟಕ್ಕೆ ಕೊಟ್ಟ ಕೊಂಡಿಯ ಮಾತುಗಳಿಂದ ಆರಿಸಬಹುದು. ನಿಮ್ಮ ಪುಟಕ್ಕೆ ಹೀಗಾಗಿದ್ದರೆ ಕಾರಣಗಳನ್ನು ಈ ಕ್ರಮದಲ್ಲಿ ನೋಡಿ: ಲಿಪಿ ಹೊಂದುತ್ತಿಲ್ಲವೇ, ಟೈಟಲ್ ಅರೆಬರೆಯಾಗಿ ತಾಣದ ಹೆಸರಷ್ಟೇ ಉಳಿದಿದೆಯೇ, ಎಲ್ಲ ಪುಟಕ್ಕೂ ಒಂದೇ ಇದೆಯೇ, ಹಳೆಯ ಇಸವಿ ಹಾಗೇ ಇದೆಯೇ, ಪದ ತುರುಕಲಾಗಿದೆಯೇ. ಇವೆಲ್ಲ ಸರಿಯಿದ್ದೂ ಆಗದಿದ್ದರೆ ಪುಟದ ಮೂಲ ಕೋಡ್ ತೆರೆಯಿರಿ. ಹೆಡ್ ಭಾಗದಲ್ಲಿ, ಟೈಟಲ್‌ಗಿಂತ ಮೊದಲು, ಚಿತ್ರವನ್ನೋ ಡಿವ್ ಟ್ಯಾಗನ್ನೋ ಯಾವುದೋ ಪ್ಲಗಿನ್ ತಂದಿಟ್ಟಿದ್ದರೆ ಹೆಡ್ ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಅದನ್ನು ಅಲ್ಲಿಂದ ಕೆಳಗಿಳಿಸಿ.

ತಿದ್ದಿದ ಮೇಲೆ ಅಳೆಯುವುದು

ಬದಲಿಸಿದ ದಿನಾಂಕ, ಹಳೆಯ ಶೀರ್ಷಿಕೆ, ಹೊಸದು ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಸರ್ಚ್ ಕನ್ಸೋಲ್‌ನಲ್ಲಿ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹೋಗಿ ಪುಟದ ವಿಳಾಸ ಕೊಟ್ಟು, ಇಂಡೆಕ್ಸಿಂಗ್ ಕೋರಿಕೆ ಸಲ್ಲಿಸಿ. ಗೂಗಲ್ ಮತ್ತೆ ಓದಿ ಹೊಸದನ್ನು ತೋರಿಸಲು ಕೆಲವು ದಿನ ಹಿಡಿಯಬಹುದು, ವಾರಗಳೂ ಆಗಬಹುದು. ಆ ನಡುವೆ ಮತ್ತೆ ಮತ್ತೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ.

ಮೊದಲು ತಿದ್ದಬೇಕಾದ ಪುಟಗಳು ಯಾವುವೆಂದರೆ, ಇಂಪ್ರೆಷನ್ ಹೆಚ್ಚಿದ್ದು ಕ್ಲಿಕ್ ಕಡಿಮೆ ಇರುವವು. ಜನರ ಕಣ್ಣಿಗೆ ಬಿದ್ದೂ ಅವರು ಒತ್ತದೆ ಹೋಗುತ್ತಿರುವ ಪುಟಗಳವು. ಹೋಲಿಸುವಾಗ ಇಡೀ ಪುಟದ ಸರಾಸರಿ ನೋಡದೆ, ಒಂದೇ ಹುಡುಕಾಟ ಪದಕ್ಕೆ ಸ್ಥಾನ ಮತ್ತು ಕ್ಲಿಕ್ ಪ್ರಮಾಣ ಎರಡನ್ನೂ ನೋಡಿ. ಸ್ಥಾನ ಎಂಟರಿಂದ ಮೂರಕ್ಕೆ ಏರಿದ್ದರೆ ಕ್ಲಿಕ್ ಹೆಚ್ಚಿದ್ದು ಶೀರ್ಷಿಕೆ ಚೆನ್ನಾಗಿದ್ದುದಕ್ಕೆ ಎನ್ನಲಾಗದು. ಸ್ಥಾನ ಅಲ್ಲೇ ಇದ್ದು ಕ್ಲಿಕ್ ಏರಿದ್ದರೆ ನಿಮ್ಮ ತಿದ್ದುಪಡಿ ಕೆಲಸ ಮಾಡಿದೆ.

ಸಾಮಾನ್ಯ ಪುಟಗಳಿಗೆ ಬದಲಾವಣೆಯ ಹಿಂದಿನ 28 ದಿನ, ಮುಂದಿನ 28 ದಿನ ಹೋಲಿಸಿದರೆ ಸಾಕು. ಕೊಳೆರೋಗದ ಪುಟಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಮೇ ತಿಂಗಳಲ್ಲಿ ತಿದ್ದಿ ಜೂನ್‌ನಲ್ಲಿ ನೋಡಿದರೆ ಕ್ಲಿಕ್ ಏರಿಯೇ ಇರುತ್ತದೆ, ಅದು ಮಳೆಯ ಕೆಲಸ. ಇಂಥ ಪುಟವನ್ನು ಹಿಂದಿನ ವರ್ಷದ ಅದೇ ವಾರಗಳೊಂದಿಗೆ ಹೋಲಿಸಬೇಕು. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ. ಕಳೆದ ಜೂನ್, ಜುಲೈ ಅಂಕಿಗಳು ಅಳಿಸಿಹೋಗುವ ಮುನ್ನ ಎಕ್ಸ್‌ಪೋರ್ಟ್ ಒತ್ತಿ ಹಾಳೆಗೆ ಇಳಿಸಿಟ್ಟುಕೊಳ್ಳಿ.